ಏಳು ವರ್ಷ ಹಳೆಯ ಓವರ್‌ಡ್ರಾಫ್ಟ್ (ಓಡಿ) ಬಾಕಿಗೆ ಈಗ ಫೋನ್ ಬರುತ್ತಿದೆ, ಕಟ್ಟಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. 2016ರಲ್ಲಿ ಬ್ಯಾಂಕಿನಲ್ಲಿ 1 ಲಕ್ಷ ರೂಪಾಯಿಯ ಓಡಿ ಮಾಡಿಸಿದ್ದೆ, ಅಂದರೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಅಷ್ಟರವರೆಗೆ ತೆಗೆಯಬಹುದಾದ ಸಾಲ. ಆಸ್ತಿ ಅಡವಿಟ್ಟಿರಲಿಲ್ಲ. ವ್ಯಾಪಾರ ಬಿತ್ತು. ಕೊನೆಯ ಸಲ ದುಡ್ಡು ಕಟ್ಟಿದ್ದು 2018ರ ಜೂನ್‌ನಲ್ಲಿ. ಆಗ 86,000 ಬಾಕಿ ಇತ್ತು. ಆಮೇಲೆ ಊರು ಬಿಟ್ಟೆ. ಈಗ ಯಾರೋ ಫೋನ್ ಮಾಡಿ 2,40,000 ಕಟ್ಟಿ ಅನ್ನುತ್ತಾರೆ. “ಇವತ್ತು 5,000 ಆದ್ರೂ ಹಾಕಿ, ಇಲ್ಲಾಂದ್ರೆ ಪೊಲೀಸ್ ಮನೆಗೆ ಬರ್ತಾರೆ” ಎಂದು ಹೆದರಿಸುತ್ತಾರೆ. ಮಗಳ ಆಫೀಸಿಗೂ ಫೋನ್ ಹೋಗಿದೆ. ಏನು ಮಾಡಲಿ?

ಉತ್ತರ: ಮೊದಲಿಗೆ, ಆ 5,000 ಹಾಕಬೇಡಿ. ಯಾವ ಕಾಗದಕ್ಕೂ ಸಹಿ ಮಾಡಬೇಡಿ. ಸಾಲ ತೀರಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಕೇಳುತ್ತಿರುವವರು ಯಾರು, ಯಾವ ಲೆಕ್ಕದಲ್ಲಿ ಕೇಳುತ್ತಿದ್ದಾರೆ ಎನ್ನುವುದು ಬರಹದಲ್ಲಿ ಕೈಗೆ ಬರುವ ತನಕ ತಡೆಯಿರಿ ಅಷ್ಟೇ.

ಹಳೇ ಸಾಲದಲ್ಲಿ ಮೊತ್ತಕ್ಕಿಂತ ತಾರೀಖು ಮುಖ್ಯ. 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ ಆಸ್ತಿ ಅಡವಿಲ್ಲದ ಇಂಥ ಬಾಕಿಗೆ ಬ್ಯಾಂಕ್ 3 ವರ್ಷದೊಳಗೆ ದಾವೆ ಹಾಕಬೇಕು. ಆ ಗಡುವು ಮೀರಿದರೆ ಕೋರ್ಟ್ ದಾವೆಯನ್ನು ವಜಾ ಮಾಡುತ್ತದೆ. ಬ್ಯಾಂಕಿನವರು ಇದನ್ನೇ ‘ಟೈಮ್‌ಬಾರ್’ ಅನ್ನುವುದು. ಅವರಿಗೆ ಇದರ ಭಯ ಎಷ್ಟಿರುತ್ತದೆ ಎಂದರೆ, ಮೂರು ವರ್ಷ ತುಂಬುವ ಮೊದಲೇ ಗಿರಾಕಿಯನ್ನು ಹುಡುಕಿಕೊಂಡು ಬಂದು ರಿವೈವಲ್ ಲೆಟರ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಜನ ತುಂಬಿರುವಾಗ ಬ್ಯಾಂಕಿನ ಆಫೀಸರ್ ಬಂದು “ಸುಮ್ನೆ ಒಂದು ಸೈನ್ ಹಾಕಿ ಸಾರ್, ಫೈಲಿಗೆ” ಎಂದು ಹಾಳೆ ಮುಂದಿಟ್ಟಿದ್ದು ನೆನಪಿದೆಯಾ? ಅದು ಬಹುಪಾಲು ಇದೇ. ‘ಇಷ್ಟು ಬಾಕಿ ಇದೆ, ಒಪ್ಪಿದ್ದೇನೆ’ ಎಂಬ ಬರಹ. ಗಡುವಿನ ಒಳಗೆ ಅದಕ್ಕೆ ಸಹಿ ಬಿದ್ದರೆ ಮೂರು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರು. ಗಡುವಿನ ಒಳಗೆ ಸ್ವಲ್ಪ ದುಡ್ಡು ಕಟ್ಟಿ ಚಲನ್‌ಗೆ ಸಹಿ ಹಾಕಿದರೂ ಹಾಗೆಯೇ.

ನಿಮ್ಮ ಲೆಕ್ಕ ನೋಡೋಣ. 2018ರ ಜೂನ್‌ಗೆ ಮೂರು ವರ್ಷ ಸೇರಿಸಿದರೆ 2021ರ ಜೂನ್. ಆದರೆ ನಡುವೆ ಕೋವಿಡ್ ಬಂತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಇಂಥ ಗಡುವುಗಳ ಲೆಕ್ಕಕ್ಕೆ ಹಿಡಿಯಬಾರದು ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಕೋವಿಡ್ ಶುರುವಾದಾಗ ಬ್ಯಾಂಕಿಗೆ ಸುಮಾರು 15 ತಿಂಗಳು ಉಳಿದಿತ್ತು. ಅದು 2022ರ ಮಾರ್ಚ್ 1ರಿಂದ ಮತ್ತೆ ಓಡಿ, 2023ರ ಮೇ-ಜೂನ್ ಹೊತ್ತಿಗೆ ಮುಗಿಯುತ್ತದೆ. ಸೋಶಿಯಲ್ ಮೀಡಿಯಾದಲ್ಲಿ “ಮೂರು ವರ್ಷ ಆಯ್ತು, ಮುಗೀತು” ಎನ್ನುವವರಲ್ಲಿ ಹೆಚ್ಚಿನವರು ಈ ಕೋವಿಡ್ ದಿನಗಳನ್ನು ಮರೆತುಬಿಡುತ್ತಾರೆ. ನಿಮ್ಮ ವಿಷಯದಲ್ಲಿ ಅದನ್ನು ಸೇರಿಸಿದರೂ ಗಡುವು ದಾಟಿದೆ.

ದಾಟಿದೆ, ಆದರೆ ಮೂರು ವಿಷಯ ಖಚಿತ ಮಾಡಿಕೊಂಡ ಮೇಲೆ. 2018ರ ಜೂನ್ ಆದ ಮೇಲೆ ನೀವು ಯಾವುದಕ್ಕೂ ಸಹಿ ಹಾಕಿಲ್ಲ ತಾನೇ? ಆಸ್ತಿ ಪತ್ರ ಬ್ಯಾಂಕಿನಲ್ಲಿಲ್ಲ ಎಂಬುದು ಖಂಡಿತವಾ? ಅಡವಿದ್ದರೆ ಗಡುವು 12 ವರ್ಷ. ಮೂರನೆಯದೇ ಜಾಸ್ತಿ ಅಪಾಯದ್ದು. ನೀವು ಊರು ಬಿಟ್ಟಿದ್ದೀರಿ. ಬ್ಯಾಂಕ್ ಆಗಲೇ ದಾವೆ ಹಾಕಿ, ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ, ನೀವಿಲ್ಲದೆಯೇ ಡಿಕ್ರಿ (ದುಡ್ಡು ಕಟ್ಟಬೇಕೆಂಬ ಕೋರ್ಟ್ ತೀರ್ಪು) ಆಗಿರಬಹುದು. ಡಿಕ್ರಿ ಆಗಿದ್ದರೆ ಅದನ್ನು ಜಾರಿ ಮಾಡಿಸಲು ಅವರಿಗೆ 12 ವರ್ಷ ಇರುತ್ತದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕರ್ನಾಟಕ, ದಾವಣಗೆರೆ ಜಿಲ್ಲೆ ಆರಿಸಿ, ಪಾರ್ಟಿ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಹಾಕಿ ವರ್ಷವಾರು ಹುಡುಕಿ. ಇನಿಷಿಯಲ್ ಮುಂದೆ ಹಾಕಿ ಒಮ್ಮೆ, ಹಿಂದೆ ಹಾಕಿ ಒಮ್ಮೆ ನೋಡಿ. ಖರ್ಚಿಲ್ಲ.

ಹಾಗಾದರೆ ಗಡುವು ಮುಗಿದ ಮೇಲೂ 5,000 ಯಾಕೆ ಕೇಳುತ್ತಾರೆ? ಗಡುವು ದಾಟಿದ ಮೇಲೆ ಬರೀ ದುಡ್ಡು ಹಾಕಿದ್ದರಿಂದಲೇ ಸಾಲಕ್ಕೆ ಮತ್ತೆ ಜೀವ ಬರುವುದಿಲ್ಲ. ಆದರೆ ಹಳೇ ಬಾಕಿ ಕಟ್ಟುತ್ತೇನೆ ಎಂದು ಬರೆದು ಸಹಿ ಮಾಡಿದರೆ, ಕಾಂಟ್ರಾಕ್ಟ್ ಕಾಯ್ದೆಯ 25(3) ಸೆಕ್ಷನ್ ಪ್ರಕಾರ ಅದು ಹೊಸ ಕರಾರು. ಅದರ ಮೇಲೆ ಹೊಸ ದಾವೆ ಹಾಕಬಹುದು. ಇವತ್ತು 5,000, ನಾಳೆ “ಉಳಿದದ್ದಕ್ಕೆ ಕಂತು ಮಾಡಿಕೊಡ್ತೀವಿ, ಈ ಫಾರಂಗೆ ಸೈನ್ ಮಾಡಿ”. ದಾರಿ ಹೋಗುವುದು ಅಲ್ಲಿಗೆ. ಹೊಸ ಚೆಕ್ ಕೊಡುವುದಂತೂ ಇನ್ನೂ ಕೆಟ್ಟದ್ದು. ವಾಟ್ಸಾಪ್‌ನಲ್ಲಿ “ಮುಂದಿನ ತಿಂಗಳು ಕೊಡ್ತೀನಿ ಸಾರ್” ಎಂದು ಟೈಪ್ ಮಾಡುವ ಅಭ್ಯಾಸವನ್ನೂ ಬಿಡಿ.

ಇನ್ನು 86,000 ಹೋಗಿ 2,40,000 ಆಗಿದ್ದು ಹೇಗೆ? ಸುಳ್ಳು ಲೆಕ್ಕ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ವರ್ಷಕ್ಕೆ 15% ಬಡ್ಡಿ ಹಿಡಿದು, ತಿಂಗಳು ತಿಂಗಳು ಚಕ್ರಬಡ್ಡಿ ಹಾಕಿ ನೋಡಿ, ಏಳು ವರ್ಷಕ್ಕೆ ಹೆಚ್ಚು ಕಡಿಮೆ 2,44,000 ಬರುತ್ತದೆ. ಹಾಗಾಗಿ ಲೆಕ್ಕ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆದರೆ ಒಳಗಿನ ಒಂದು ವಿಷಯ ಫೋನಿನಲ್ಲಿ ನಿಮಗೆ ಯಾರೂ ಹೇಳುವುದಿಲ್ಲ. ಖಾತೆ ಎನ್‌ಪಿಎ (ಕಂತು, ಬಡ್ಡಿ ಬರದೆ ನಿಂತ ಸಾಲ) ಆದ ಮೇಲೆ ಬ್ಯಾಂಕ್ ಸಾಮಾನ್ಯವಾಗಿ ಆ ಬಡ್ಡಿಯನ್ನು ಖಾತೆಗೆ ಹಾಕುವುದಿಲ್ಲ, ಬೇರೆ ಲೆಕ್ಕದಲ್ಲಿ ಬರೆದಿಡುತ್ತದೆ. ಅಂದರೆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಬಾಕಿ ಇವತ್ತಿಗೂ 86,000ದ ಆಸುಪಾಸಿನಲ್ಲೇ ಇರಬಹುದು. ಎಷ್ಟೋ ಸಲ ಅದನ್ನು ರೈಟ್‌ಆಫ್ ಕೂಡ ಮಾಡಿರುತ್ತಾರೆ. ರೈಟ್‌ಆಫ್ ಅಂದರೆ ಬ್ಯಾಂಕ್ ತನ್ನ ಪುಸ್ತಕದಲ್ಲಿ ನಷ್ಟ ಎಂದು ಬರೆದುಕೊಳ್ಳುವುದು. ಅದು ಮನ್ನಾ ಅಲ್ಲ, ವಸೂಲಿ ಹಕ್ಕು ಹಾಗೇ ಇರುತ್ತದೆ. ಆದರೆ ಚೌಕಾಸಿ ಶುರುವಾಗಬೇಕಾದ್ದು ಆ ಪುಸ್ತಕದ ಬಾಕಿಯಿಂದ, ಫೋನಿನವನು ಹೇಳುವ ಮೊತ್ತದಿಂದಲ್ಲ.

(ಓಡಿಯನ್ನೇ ಮಾಡಿಸದೆ, ಹಳೇ ಉಳಿತಾಯ ಖಾತೆ ಮೈನಸ್‌ಗೆ ಹೋಗಿದೆ ಎಂದು ಬರೆಯುವವರಿಗೆ: ಮಿನಿಮಮ್ ಬ್ಯಾಲೆನ್ಸ್ ಇಲ್ಲ ಎಂಬ ದಂಡದಿಂದಲೇ ಉಳಿತಾಯ ಖಾತೆಯನ್ನು ಮೈನಸ್ ಮಾಡುವಂತಿಲ್ಲ. 2015ರ ಏಪ್ರಿಲ್‌ನಿಂದ ಆರ್‌ಬಿಐ ನಿಯಮ ಇದೆ. ಅದನ್ನು ಸಾಲ ಎಂದು ಒಪ್ಪಿಕೊಳ್ಳಬೇಡಿ.)

ಈಗ ಫೋನಿನ ವಿಷಯ. 2022ರ ಆಗಸ್ಟ್ 12ರ ಆರ್‌ಬಿಐ ಸುತ್ತೋಲೆ ಪ್ರಕಾರ ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಮನೆಯವರಿಗೆ, ಸ್ನೇಹಿತರಿಗೆ ತೊಂದರೆ ಕೊಟ್ಟು ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ. ಮನೆಗೆ ಬಂದರೆ ಅವನ ಹತ್ತಿರ ಗುರುತಿನ ಚೀಟಿ, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಎರಡೂ ಇರಬೇಕು. ನಿಮ್ಮ ಮಗಳು ಜಾಮೀನು ಹಾಕಿಲ್ಲದಿದ್ದರೆ ಈ ಬಾಕಿಗೂ ಅವಳಿಗೂ ಸಂಬಂಧವೇ ಇಲ್ಲ. ಮುಂದೆ ನಿಮ್ಮ ಆಸ್ತಿ ಏನಾದರೂ ಅವಳಿಗೆ ಬಂದರೆ, ಆ ಆಸ್ತಿಯ ಮಿತಿಗೆ ಮಾತ್ರ ಸಾಲದವರು ಕೇಳಬಹುದು.

ಮುಂದಿನ ಸಲ ಫೋನ್ ಬಂದಾಗ ವಾದಕ್ಕೆ ಇಳಿಯಬೇಡಿ. ಕಷ್ಟಸುಖ ಹೇಳಿಕೊಳ್ಳಲೂ ಬೇಡಿ, ಆ ಕಡೆಯವನಿಗೆ ದಿನಕ್ಕೆ ನೂರಾರು ಜನರ ಕಷ್ಟ ಕೇಳಿ ಅಭ್ಯಾಸವಾಗಿರುತ್ತದೆ. “ನಿಮ್ಮ ಹೆಸರು, ಏಜೆನ್ಸಿ ಹೆಸರು, ಯಾವ ಬ್ಯಾಂಕಿನ ಪರವಾಗಿ ಹೇಳಿ. ಏನಿದ್ದರೂ ಪತ್ರದಲ್ಲಿ ಕಳಿಸಿ” ಎಂದು ಇಟ್ಟುಬಿಡಿ. ಕರೆ ರೆಕಾರ್ಡ್ ಆಗಲಿ. ಅದೇ ದಿನ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಹಾಕಿ. ಬರೆಯುವುದು ಹೀಗಿರಲಿ:

“ನನ್ನ ಹೆಸರಿನಲ್ಲಿ ಓಡಿ ಬಾಕಿ ಇದೆ ಎಂದು ಈ ನಂಬರಿನಿಂದ ಇಂಥ ದಿನ, ಇಂಥ ಹೊತ್ತಿಗೆ ಕರೆ ಬಂದಿದೆ. ಈ ಬಾಕಿಯನ್ನು ನಾನು ಒಪ್ಪಿಲ್ಲ, ಈ ಪತ್ರವನ್ನೂ ಒಪ್ಪಿಗೆ ಎಂದು ತಿಳಿಯಬಾರದು. ಖಾತೆ ತೆರೆದ ದಿನದಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್, ನಾನು ಸಹಿ ಮಾಡಿದ ಎಲ್ಲ ಪತ್ರಗಳ ಪ್ರತಿ, ಪುಸ್ತಕದ ಬಾಕಿ ಮತ್ತು ಬಡ್ಡಿಯ ಪ್ರತ್ಯೇಕ ಲೆಕ್ಕ, ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ ಕಳಿಸಿ. ಸಾಲವನ್ನು ಬೇರೆಯವರಿಗೆ ಮಾರಿದ್ದರೆ ಅದರ ದಾಖಲೆ ಕೊಡಿ. ನನ್ನ ಮಗಳಿಗೆ ಕರೆ ಮಾಡುವುದನ್ನು ನಿಲ್ಲಿಸಿ.”

ಸಾಲ ಮಾರಿದ್ದರೆ ಅಂದೆನಲ್ಲ, ಅದು ನಿಜವಾಗಿ ಆಗುತ್ತದೆ. ಹಳೇ ಬಾಕಿಗಳನ್ನು ಬ್ಯಾಂಕುಗಳು ಒಟ್ಟಾಗಿ ಎಆರ್‌ಸಿ ಕಂಪನಿಗಳಿಗೆ (ಬ್ಯಾಂಕುಗಳ ಕೆಟ್ಟ ಸಾಲ ಕೊಂಡು ವಸೂಲಿ ಮಾಡುವ ಕಂಪನಿಗಳು) ಮಾರುತ್ತವೆ. ಆಗ ಕೇಳುವ ಹಕ್ಕು ಅವರದ್ದೇ. ಮೇಲಿನ ನಿಯಮಗಳು ಅವರಿಗೂ ಅನ್ವಯ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿಯಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಆರ್‌ಬಿಐನ ದೂರು ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ಆಗುತ್ತದೆ, ಶುಲ್ಕವಿಲ್ಲ. ಮಾಹಿತಿಗೆ 14448. ಹೊಡೆಯುತ್ತೇವೆ, ಎತ್ತಿಕೊಂಡು ಹೋಗುತ್ತೇವೆ ಎನ್ನುವ ಮಟ್ಟಕ್ಕೆ ಹೋದರೆ ಓಂಬುಡ್ಸ್‌ಮನ್‌ಗೆ ಕಾಯಬೇಡಿ, ಅದು ಅಪರಾಧ, 112ಕ್ಕೆ ಕರೆ ಮಾಡಿ.

ಪೊಲೀಸ್ ಬರುತ್ತಾರೆ ಎಂಬುದು ಬರೀ ಬೆದರಿಕೆ. ಸಾಲ ಕಟ್ಟಲಾಗದೆ ಇರುವುದು ಸಿವಿಲ್ ವಿಷಯ. ವಾಟ್ಸಾಪ್‌ನಲ್ಲಿ ಬರುವ, ಅಶೋಕ ಲಾಂಛನ ಅಂಟಿಸಿದ ‘ಅರೆಸ್ಟ್ ವಾರಂಟ್’ ಪಿಡಿಎಫ್‌ಗೆ ಕವಡೆ ಕಿಮ್ಮತ್ತಿಲ್ಲ. ಡಿಕ್ರಿ ಆದ ಮೇಲೂ, ಕೈಯಲ್ಲಿ ದುಡ್ಡಿಲ್ಲದ ಬಡವನನ್ನು ಬರೀ ಸಾಲಕ್ಕಾಗಿ ಜೈಲಿಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಒಂದೇ ಎಚ್ಚರ: ಓಡಿ ಮಾಡಿಸುವಾಗ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದೀರಾ? ಅದು ಬೌನ್ಸ್ ಆಗಿ ವಕೀಲರ ನೋಟಿಸ್ ಬಂದರೆ ದುಡ್ಡು ಕಟ್ಟಲು 15 ದಿನದ ಗಡುವು ಇರುತ್ತದೆ. ಅದನ್ನು ಮಾತ್ರ ಡ್ರಾಯರಿಗೆ ಹಾಕಿ ಕೂರಬೇಡಿ.

ಲೋಕ ಅದಾಲತ್ ನೋಟಿಸ್ ಬಂದರೆ ಹೆದರಬೇಡಿ, ಹೋಗಿ. ರಾಜಿಗೆ ಒಳ್ಳೆಯ ಜಾಗ. ಆದರೆ ಅಲ್ಲಿ ಸಹಿ ಹಾಕಿದ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಟೈಮ್‌ಬಾರ್ ಆದ ಸಾಲಕ್ಕೆ ಅಲ್ಲಿ “ಆರು ಕಂತಲ್ಲಿ ಕಟ್ತೀನಿ” ಎಂದು ಬರೆದುಕೊಟ್ಟರೆ, ಸತ್ತಿದ್ದ ಹಕ್ಕಿಗೆ ನೀವೇ ಜೀವ ಕೊಟ್ಟಂತೆ. ಹೋಗುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಸಹಾಯವಾಣಿ 15100. ಅಂದಹಾಗೆ, ಕಿರುಸಾಲದ ಕಿರುಕುಳದ ವಿರುದ್ಧ ಕರ್ನಾಟಕ 2025ರಲ್ಲಿ ತಂದ ಕಾನೂನಿನಿಂದ ನನ್ನ ಸಾಲ ಮನ್ನಾ ಆಯಿತಾ ಎಂದು ತುಂಬಾ ಜನ ಕೇಳುತ್ತಾರೆ. ಬ್ಯಾಂಕ್ ಸಾಲ ಅದರಿಂದ ಮನ್ನಾ ಆಗಿಲ್ಲ.

ಕೊನೆಗೆ, ಕಟ್ಟಬೇಕಾ? ಟೈಮ್‌ಬಾರ್ ಆದರೆ ಕೋರ್ಟಿನ ದಾರಿ ಮುಚ್ಚುತ್ತದೆ, ಸಾಲ ಅಳಿಸಿಹೋಗುವುದಿಲ್ಲ. ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಎಫ್‌ಡಿ ಇದ್ದರೆ ಬ್ಯಾಂಕ್ ಅದಕ್ಕೆ ಕೈ ಹಾಕಬಹುದು. ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲಗಳ ಚರಿತ್ರೆ) ಕಪ್ಪು ಚುಕ್ಕೆ ಇದ್ದರೆ ಮನೆ ಸಾಲ, ಮಗಳ ಮದುವೆ ಸಾಲ ಕಷ್ಟ. ಇನ್ನು ಸಾಲ ಬೇಕಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ ಎಂದರೆ ಸುಮ್ಮನಿರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ನನ್ನನ್ನು ಕೇಳಿದರೆ, ಕೈಯಲ್ಲಿ ಇದ್ದಾಗ ಓಟಿಎಸ್ (ಮಾತುಕತೆಯಲ್ಲಿ ಒಪ್ಪಿದ ಮೊತ್ತವನ್ನು ಒಂದೇ ಗಂಟಿನಲ್ಲಿ ಕಟ್ಟುವುದು) ಮಾಡಿ ಮುಗಿಸುವುದು ವಾಸಿ. ಮೊದಲು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ‘ಇಷ್ಟು ಕಟ್ಟಿದರೆ ಪೂರ್ತಿ ಮುಗಿಯಿತು’ ಎಂಬ ಪತ್ರ ಬರಲಿ. ದುಡ್ಡು ಹೋಗಬೇಕಾದ್ದು ಬ್ಯಾಂಕಿನ ಖಾತೆಗೆ, ಏಜೆಂಟನ ಫೋನ್‌ಪೇಗೆ ಅಲ್ಲವೇ ಅಲ್ಲ. ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕಡಿಮೆಗೆ ರಾಜಿಯಾದರೆ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ, ಪೂರ್ತಿ ಕಟ್ಟಿದಾಗ ಬರುವ ‘ಕ್ಲೋಸ್ಡ್’ಗೆ ಇರುವಷ್ಟು ಬೆಲೆ ಅದಕ್ಕಿಲ್ಲ. ವರ್ಷಕ್ಕೊಮ್ಮೆ ವರದಿ ಪುಕ್ಕಟೆ ಸಿಗುತ್ತದೆ, ತೆಗೆದು ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.