ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು: ಕಣ್ಣು ಮಿಟುಕಿಸಿದ್ದು ಯಾರು?

ಅಣ್ವಸ್ತ್ರ ಇರುವ ಎರಡು ದೇಶಗಳು ಜಗಳಕ್ಕೆ ನಿಂತಾಗಲೆಲ್ಲ ಟಿವಿ ಚರ್ಚೆಯಲ್ಲಿ ಯಾರಾದರೊಬ್ಬರು ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಹೆಸರು ಎತ್ತುತ್ತಾರೆ. 1962ರ ಅಕ್ಟೋಬರ್ 16ರಿಂದ 28ರವರೆಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಹೋಗಿ ವಾಪಸ್ ಬಂದವು. ಆ ಹದಿಮೂರು ದಿನಗಳಿಗೆ ಅಮೆರಿಕ ಕಡೆಯವರು ಇಟ್ಟ ಹೆಸರು ಇದು. ರಷ್ಯನ್ನರು ಕೆರಿಬಿಯನ್ ಬಿಕ್ಕಟ್ಟು ಎನ್ನುತ್ತಾರೆ, ಕ್ಯೂಬಾದವರು ಅಕ್ಟೋಬರ್ ಬಿಕ್ಕಟ್ಟು ಎನ್ನುತ್ತಾರೆ. ಎಲ್ಲರಿಗೂ ಗೊತ್ತಿರುವ ಕತೆ ಚಿಕ್ಕದು. ರಷ್ಯಾ ಕ್ಯೂಬಾದಲ್ಲಿ ಕದ್ದುಮುಚ್ಚಿ ಅಣು ಕ್ಷಿಪಣಿ ಇಟ್ಟಿತು, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಜಗ್ಗಲಿಲ್ಲ, ಸೋವಿಯತ್ ನಾಯಕ ಕ್ರುಶ್ಚೇವ್ ಹೆದರಿ ತೆಗೆದರು. ಇದರಲ್ಲಿ ಅರ್ಧ ಮಾತ್ರ ನಿಜ.

ಕ್ರುಶ್ಚೇವ್ ಇಂಥ ಕೆಲಸಕ್ಕೆ ಕೈ ಹಾಕಿದ್ದಾದರೂ ಯಾಕೆ? ಆಗ ಅಮೆರಿಕವನ್ನು ನೇರವಾಗಿ ತಲುಪಬಲ್ಲ ದೂರಗಾಮಿ ಕ್ಷಿಪಣಿಗಳು ಸೋವಿಯತ್ ಕೈಯಲ್ಲಿ ತೀರಾ ಕಡಿಮೆ ಇದ್ದವು. ಅತ್ತ ಅಮೆರಿಕ ಟರ್ಕಿಯಲ್ಲಿ 15, ಇಟಲಿಯಲ್ಲಿ 30 ಜುಪಿಟರ್ ಅಣು ಕ್ಷಿಪಣಿಗಳನ್ನು ನಿಲ್ಲಿಸಿತ್ತು. ಇನ್ನೊಂದು ಕಾರಣ ಕ್ಯೂಬಾ. 1961ರ ಏಪ್ರಿಲ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತಯಾರು ಮಾಡಿದ ಪಡೆ ಬೇ ಆಫ್ ಪಿಗ್ಸ್‌ನಲ್ಲಿ ಇಳಿದು ಸೋತಿತ್ತು. ಮುಂದಿನ ಸಲ ಅಮೆರಿಕದ ಸೇನೆಯೇ ಬರುತ್ತದೆ ಎಂದು ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ನಂಬಿದ್ದರು. ಕ್ಯೂಬಾ ಇರುವುದು ಫ್ಲಾರಿಡಾದಿಂದ ಸುಮಾರು 145 ಕಿಲೋಮೀಟರ್ ದೂರದಲ್ಲಿ. ಸುಮಾರು 2,000 ಕಿಲೋಮೀಟರ್ ಹಾರುವ ಆರ್-12 ಕ್ಷಿಪಣಿಯನ್ನು ಅಲ್ಲಿಟ್ಟರೆ ವಾಷಿಂಗ್ಟನ್ನೇ ಗುರಿಗೆ ಸಿಗುತ್ತದೆ. ಒಂದೇ ಏಟಿಗೆ ಎರಡೂ ಲೆಕ್ಕ ಚುಕ್ತಾ.

ಈ ಕಾರ್ಯಾಚರಣೆಗೆ ಸೈಬೀರಿಯಾದ ಕೊನೆಯ ಒಂದು ನದಿಯ ಹೆಸರಿಟ್ಟರು, ಅನಾಡಿರ್ ಅಂತ. ಹಡಗು ಹತ್ತಿದ ಸೈನಿಕರಿಗೆ ಚಳಿಗಾಲದ ಕೋಟು ಕೊಟ್ಟರು, ಕೆಲವರಿಗೆ ಹಿಮದಲ್ಲಿ ಜಾರುವ ಸ್ಕೀಯನ್ನೂ ಕೊಟ್ಟರು. ಹೊರಟಿದ್ದು ಮಾತ್ರ ಬೆವರು ಕಿತ್ತುಬರುವ ಕ್ಯೂಬಾಕ್ಕೆ! ಹೀಗೆ ಸುಮಾರು 42,000 ಸೋವಿಯತ್ ಸೈನಿಕರು ಬಂದಿಳಿದರು. ಅಮೆರಿಕದ ಅಂದಾಜು ಇದರ ಹತ್ತಿರಕ್ಕೂ ಬಂದಿರಲಿಲ್ಲ.

ಅಕ್ಟೋಬರ್ 14ರಂದು ಯು-2 ಬೇಹುಗಾರಿಕೆ ವಿಮಾನ ಕ್ಯೂಬಾದ ಸ್ಯಾನ್ ಕ್ರಿಸ್ಟೊಬಲ್ ಮೇಲೆ ಹಾರಿ ಫೋಟೊ ತೆಗೆಯಿತು. ಮರುದಿನ ಅವುಗಳಲ್ಲಿ ಕ್ಷಿಪಣಿಗಳು ಕಂಡವು. 16ರ ಬೆಳಿಗ್ಗೆ ವಿಷಯ ಕೆನಡಿಗೆ ಹೋಯಿತು. ಅವರು ಒಂದು ಸಣ್ಣ ಸಲಹಾ ಗುಂಪು ಕಟ್ಟಿಕೊಂಡು ಆರು ದಿನ ಗುಟ್ಟಾಗಿ ಚರ್ಚೆ ಮಾಡಿದರು. ಸೇನೆಯ ಮುಖ್ಯಸ್ಥರಿಗೆ ಬಾಂಬ್ ಹಾಕುವುದೇ ಬೇಕಿತ್ತು. ವಾಯುಪಡೆಯ ಕರ್ಟಿಸ್ ಲೆಮೇ ಅಂತೂ ಸುಮ್ನೆ ಕೂರುವುದು 1938ರಲ್ಲಿ ಬ್ರಿಟನ್, ಫ್ರಾನ್ಸ್ ಹಿಟ್ಲರನ ಎದುರು ಮ್ಯೂನಿಕ್‌ನಲ್ಲಿ ತಲೆಬಾಗಿದ್ದಕ್ಕೆ ಸಮ ಎಂದು ಅಧ್ಯಕ್ಷರ ಮುಖಕ್ಕೇ ಹೇಳಿದರು. ಕೆನಡಿ ಒಪ್ಪಲಿಲ್ಲ. ಹಡಗುಗಳನ್ನು ಸಮುದ್ರದಲ್ಲೇ ತಡೆಯುವ ದಾರಿ ಆರಿಸಿಕೊಂಡರು. ಇದನ್ನು ದಿಗ್ಬಂಧನ ಎಂದು ಕರೆದರೆ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಅದು ಯುದ್ಧಕ್ಕೆ ಸಮ. ಅದಕ್ಕೇ 22ರ ರಾತ್ರಿ ಟಿವಿ ಭಾಷಣದಲ್ಲಿ ಅವರು ಬಳಸಿದ್ದು ಕ್ವಾರಂಟೈನ್ ಎಂಬ ಮಾತನ್ನು.

24ಕ್ಕೆ ತಡೆ ಜಾರಿಗೆ ಬಂತು. ಕೆಲವು ಸೋವಿಯತ್ ಹಡಗುಗಳು ವಾಪಸ್ ತಿರುಗಿದ ಸುದ್ದಿಯೂ ಬಂತು. ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಒಂದು ಮಾತು ಹೇಳಿದರು: ಕಣ್ಣಿಗೆ ಕಣ್ಣಿಟ್ಟು ನಿಂತಿದ್ದೆವು, ಎದುರಿನವನು ಈಗ ಕಣ್ಣು ಮಿಟುಕಿಸಿದ. ಇಡೀ ಬಿಕ್ಕಟ್ಟಿನಲ್ಲಿ ಜನರ ನೆನಪಲ್ಲಿ ಉಳಿದಿದ್ದು ಇದೊಂದೇ ಮಾತು. ಆದರೆ ಆ ಹಡಗುಗಳು ತಡೆಗೆರೆಯ ಹತ್ತಿರವೂ ಇರಲಿಲ್ಲ. ಮಾಸ್ಕೋ ಮೊದಲೇ ತಿರುಗಿ ಎಂದಿತ್ತು, ಅವು ನೂರಾರು ಮೈಲಿ ದೂರದಲ್ಲೇ ತಿರುಗಿದ್ದವು. ಇನ್ನೊಂದು ವಿಷಯ ಏನೆಂದರೆ ಈ ತಡೆ ಹೊಸ ಕ್ಷಿಪಣಿಗಳನ್ನು ನಿಲ್ಲಿಸಬಹುದಿತ್ತು ಅಷ್ಟೇ, ಒಳಗೆ ಬಂದು ಕೂತವನ್ನಲ್ಲ.

ನನ್ನ ಪ್ರಕಾರ ನಿಜವಾದ ಗಂಡಾಂತರದ ದಿನ 27, ಶನಿವಾರ. ಹಿಂದಿನ ದಿನ ಕ್ರುಶ್ಚೇವ್ ಒಂದು ಉದ್ದದ ಪತ್ರ ಬರೆದಿದ್ದರು. ಯುದ್ಧದ ಗಂಟು ಬಿದ್ದ ಹಗ್ಗವನ್ನು ನಾವಿಬ್ಬರೂ ಎರಡು ಕಡೆಯಿಂದ ಎಳೆಯುವುದು ಬೇಡ ಎಂದಿದ್ದರು. ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ ಎಂದು ಮಾತು ಕೊಟ್ಟರೆ ಸಾಕು ಎನ್ನುವ ಧಾಟಿ ಅದರಲ್ಲಿತ್ತು. ಶನಿವಾರ ಬೆಳಿಗ್ಗೆ ರೇಡಿಯೊದಲ್ಲಿ ಬಂದ ಎರಡನೇ ಪತ್ರ ಬೇರೆ ಥರ. ಟರ್ಕಿಯ ಜುಪಿಟರ್‌ಗಳೂ ಹೋಗಬೇಕು ಎಂದಿತು. ಇದನ್ನು ಅರಗಿಸಿಕೊಳ್ಳುವ ಮೊದಲೇ ಕ್ಯೂಬಾದ ಮೇಲೆ ಯು-2 ಒಂದು ಉರುಳಿತು, ಪೈಲಟ್ ರುಡಾಲ್ಫ್ ಆಂಡರ್ಸನ್ ಸತ್ತರು. ಹೊಡೆಯಲು ಹೇಳಿದ್ದು ಕ್ಯೂಬಾದಲ್ಲಿದ್ದ ಸೋವಿಯತ್ ಅಧಿಕಾರಿಗಳು. ಮಾಸ್ಕೋದ ಅನುಮತಿ ಇರಲಿಲ್ಲ. ಅದೇ ದಿನ ಅಲಾಸ್ಕಾದಿಂದ ಹೊರಟ ಇನ್ನೊಂದು ಯು-2 ದಾರಿ ತಪ್ಪಿ ಸೋವಿಯತ್ ನೆಲದ ಮೇಲೆ ಹೋಯಿತು. ಅದನ್ನು ಹಿಡಿಯಲು ಸೋವಿಯತ್‌ನ ಮಿಗ್ ಯುದ್ಧವಿಮಾನಗಳು ಎದ್ದವು. ಕಾಪಾಡಲು ಎದ್ದ ಅಮೆರಿಕದ ಯುದ್ಧವಿಮಾನಗಳಲ್ಲಿ ಅಣು ಸಿಡಿತಲೆಯ ಕ್ಷಿಪಣಿಗಳಿದ್ದವು. ಹೇಳಿದ ಮಾತು ಕಿವಿಗೆ ಬೀಳದ ಒಬ್ಬ ಯಾವಾಗಲೂ ಇದ್ದೇ ಇರುತ್ತಾನೆ ಎಂದು ಕೆನಡಿ ಬೈದರಂತೆ.

ಅದೇ ದಿನ ಸಮುದ್ರದ ಒಳಗೆ ಏನಾಗುತ್ತಿತ್ತು ಎಂಬುದು ಎಷ್ಟೋ ವರ್ಷ ಯಾರಿಗೂ ಗೊತ್ತಿರಲಿಲ್ಲ. ಸೋವಿಯತ್ ಜಲಾಂತರ್ಗಾಮಿ ಬಿ-59ನ್ನು ಅಮೆರಿಕದ ಹಡಗುಗಳು ಸುತ್ತುವರಿದು, ಮೇಲೆ ಬಾ ಎಂದು ಸೂಚಿಸಲು ಸಣ್ಣ ಸಿಡಿಗುಂಡುಗಳನ್ನು ಹಾಕುತ್ತಿದ್ದವು. ಒಳಗೆ ತಡೆಯಲಾಗದ ಸೆಕೆ, ಕೆಟ್ಟ ಗಾಳಿ, ಮಾಸ್ಕೋ ಜೊತೆ ಸಂಪರ್ಕವೂ ಇಲ್ಲ. ಮೇಲೆ ಯುದ್ಧ ಶುರುವಾಗಿದೆಯೋ ಇಲ್ಲವೋ ಯಾರಿಗೆ ಗೊತ್ತು? ಆ ಹಡಗಿನಲ್ಲಿ ಒಂದು ಅಣು ಟಾರ್ಪೆಡೊ ಇತ್ತು, ಅಮೆರಿಕದ ನೌಕಾಪಡೆಗೆ ಅದರ ಸುಳಿವೇ ಇರಲಿಲ್ಲ. ಒಳಗಿದ್ದವರು ಮುಂದೆ ಹೇಳಿದಂತೆ, ಕ್ಯಾಪ್ಟನ್ ಸವಿಟ್‌ಸ್ಕಿ ಅದನ್ನು ಸಿದ್ಧ ಮಾಡಿ ಎಂದು ಕೂಗಿದರು. ದಳದ ಹಿರಿಯ ಅಧಿಕಾರಿ ವಾಸಿಲಿ ಅರ್ಖಿಪೋವ್ ಅವರನ್ನು ಸಮಾಧಾನ ಮಾಡಿದರು. ಹಡಗು ಮೇಲಕ್ಕೆ ಬಂತು. ವಾಷಿಂಗ್ಟನ್, ಮಾಸ್ಕೋಗಳಲ್ಲಿ ಕೂತ ಇಬ್ಬರಿಗೂ ಯುದ್ಧ ಬೇಡವಾಗಿತ್ತು. ಆದರೆ ಆ ದಿನ ಆಗಿದ್ದೆಲ್ಲ ಅವರಿಬ್ಬರ ಕೈಯಲ್ಲೇನೂ ಇರಲಿಲ್ಲ.

ಆಂಡರ್ಸನ್ ಸತ್ತ ಮೇಲೆ ತಿರುಗಿ ಹೊಡೆಯಲೇಬೇಕು ಎಂಬ ಒತ್ತಡ ಜೋರಾಗಿತ್ತು. ಕೆನಡಿ ತಡೆದರು. ಅವತ್ತು ಸಂಜೆ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ತಮ್ಮ ಕಚೇರಿಗೆ ಕರೆಸಿಕೊಂಡರು. ಬಹಿರಂಗ ಒಪ್ಪಂದ ಇಷ್ಟು: ಕ್ಷಿಪಣಿ ತೆಗೆಯಿರಿ, ನಾವು ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ. ಗುಟ್ಟಿನ ಮಾತು ಬೇರೆ: ಟರ್ಕಿಯ ಜುಪಿಟರ್‌ಗಳೂ ನಾಲ್ಕೈದು ತಿಂಗಳಲ್ಲಿ ಹೋಗುತ್ತವೆ, ಆದರೆ ಇದು ಹೊರಗೆ ಬರಬಾರದು, ಕಾಗದದ ಮೇಲೂ ಬರಬಾರದು. ಎರಡು ದಿನದ ನಂತರ ಡೊಬ್ರಿನಿನ್ ಈ ಮಾತನ್ನು ಬರೆದಿದ್ದ ಪತ್ರವೊಂದನ್ನು ತಂದುಕೊಟ್ಟರು, ರಾಬರ್ಟ್ ಅದನ್ನು ವಾಪಸ್ ಕೊಟ್ಟುಬಿಟ್ಟರು. ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೂ ಈ ಗುಟ್ಟು ಹೇಳಿರಲಿಲ್ಲ. 28ರಂದು ಮಾಸ್ಕೋ ರೇಡಿಯೊ ಕ್ಷಿಪಣಿ ತೆಗೆಯುವ ನಿರ್ಧಾರವನ್ನು ಬಿತ್ತರಿಸಿತು. 1963ರ ಏಪ್ರಿಲ್ ಹೊತ್ತಿಗೆ ಜುಪಿಟರ್‌ಗಳು ಸದ್ದಿಲ್ಲದೆ ಜಾಗ ಖಾಲಿ ಮಾಡಿದವು. ಹೇಗೂ ಹಳತಾಗಿದ್ದ ಕ್ಷಿಪಣಿಗಳು, ಅವುಗಳ ಕೆಲಸವನ್ನು ಪೊಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳು ವಹಿಸಿಕೊಂಡವು.

ಕ್ಯಾಸ್ಟ್ರೋ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರಿಗೆ ಸಿಟ್ಟು ನೆತ್ತಿಗೇರಿತು. ತಪಾಸಣೆಗೆ ನಮ್ಮ ನೆಲಕ್ಕೆ ಯಾರೂ ಕಾಲಿಡುವ ಹಾಗಿಲ್ಲ ಎಂದರು. ವಿಶ್ವಸಂಸ್ಥೆಯ ಹಂಗಾಮಿ ಮಹಾ ಕಾರ್ಯದರ್ಶಿ ಯು ಥಾಂಟ್ ಹವಾನಾಕ್ಕೆ ಹೋಗಿ ಮಾತಾಡಿದರೂ ಬಗ್ಗಲಿಲ್ಲ. ಥಾಂಟ್ ಜೊತೆಗಿದ್ದ ಸೇನಾ ಸಲಹೆಗಾರ ನಮ್ಮವರೇ, ಇಂದರ್‌ಜಿತ್ ರಿಖಿ. ಕೊನೆಗೆ ಸೋವಿಯತ್ ಹಡಗುಗಳು ಸಮುದ್ರದ ಮಧ್ಯೆ ಟಾರ್ಪಾಲು ಸರಿಸಿ ಕ್ಷಿಪಣಿ ತೋರಿಸಿದವು, ಅಮೆರಿಕದ ವಿಮಾನಗಳು ಮೇಲಿಂದ ಎಣಿಸಿಕೊಂಡವು. ಕ್ಯೂಬಾದಲ್ಲಿದ್ದ ಬಾಂಬರ್ ವಿಮಾನಗಳನ್ನೂ ತೆಗೆಯಲು ಮಾಸ್ಕೋ ಒಪ್ಪಿದ ಮೇಲೆ ನವೆಂಬರ್ 20ಕ್ಕೆ ತಡೆ ಮುಗಿಯಿತು.

ನಮ್ಮಲ್ಲಿ 1962ರ ಅಕ್ಟೋಬರ್ ಅಂದ್ರೆ ನೆನಪಾಗುವುದು ಚೀನಾ, ಅಲ್ವಾ? ಆ ದಾಳಿ ಶುರುವಾಗಿದ್ದು 20ರಂದು, ಈ ಬಿಕ್ಕಟ್ಟಿನ ನಡುವೆಯೇ. ಕ್ಯೂಬಾ ವಿಷಯದಲ್ಲಿ ಕ್ರುಶ್ಚೇವ್‌ಗೆ ಚೀನಾದ ಬೆಂಬಲ ಬೇಕಿತ್ತು. ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪ್ರಾವ್ದಾದ 25ರ ಸಂಪಾದಕೀಯ ಗಡಿ ವಿಷಯದಲ್ಲಿ ಚೀನಾದ ಪ್ರಸ್ತಾಪವನ್ನೇ ಹೊಗಳಿತು. ಸೋವಿಯತ್ ನಮ್ಮ ಪರ ಎಂದು ನಂಬಿದ್ದ ನೆಹರೂ ಅವರಿಗೆ ಅದು ದೊಡ್ಡ ಪೆಟ್ಟು. ಕ್ಯೂಬಾ ಬಿಸಿ ಆರಿದ ಮೇಲೆ ಅದೇ ಪತ್ರಿಕೆ ಧಾಟಿ ಬದಲಿಸಿತು.

ಹದಿಮೂರು ದಿನವೂ ಇಬ್ಬರು ನಾಯಕರಿಗೆ ನೇರವಾಗಿ ಮಾತಾಡುವ ದಾರಿ ಇರಲಿಲ್ಲ. ಪತ್ರ ತಲುಪಿ ಅನುವಾದ ಆಗಲು ಗಂಟೆಗಟ್ಟಲೆ ಬೇಕಿತ್ತು. ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಯಿಂದ ಟೆಲಿಗ್ರಾಂ ಒಯ್ಯಲು ಸೈಕಲ್ ಮೇಲೆ ಹುಡುಗ ಬರುತ್ತಿದ್ದ ಎಂದು ಡೊಬ್ರಿನಿನ್ ಮುಂದೆ ನೆನಪಿಸಿಕೊಂಡಿದ್ದಾರೆ. ಎರಡು ರಾಜಧಾನಿಗಳ ನಡುವಿನ ನೇರ ಸಂಪರ್ಕ, ಅಂದರೆ ಹಾಟ್‌ಲೈನ್, ಹುಟ್ಟಿದ್ದು ಇದೇ ಕಾರಣಕ್ಕೆ. 1963ರ ಜೂನ್ 20ರಂದು ಒಪ್ಪಂದವಾಯಿತು. ಸಿನಿಮಾಗಳಲ್ಲಿ ತೋರಿಸುವ ಕೆಂಪು ಫೋನ್ ಅಲ್ಲಿ ಇರಲೇ ಇಲ್ಲ, ಇದ್ದಿದ್ದು ಟೆಲಿಪ್ರಿಂಟರ್. ಅದೇ ಆಗಸ್ಟ್‌ನಲ್ಲಿ ಬಯಲಲ್ಲಿ ಅಣು ಪರೀಕ್ಷೆ ಮಾಡಬಾರದೆಂಬ ಒಪ್ಪಂದಕ್ಕೂ ಬ್ರಿಟನ್ ಜೊತೆ ಸೇರಿ ಸಹಿ ಬಿತ್ತು.

ಟರ್ಕಿಯ ಗುಟ್ಟು ಪೂರ್ತಿ ಬಿಚ್ಚಿಕೊಂಡಿದ್ದು 1989ರಲ್ಲಿ, ಮಾಸ್ಕೋದಲ್ಲಿ ಎರಡೂ ಕಡೆಯ ಹಳಬರು ಸೇರಿದ್ದ ಸಭೆಯಲ್ಲಿ. ರಾಬರ್ಟ್ ಕೆನಡಿ ಅವರ ಬರಹಗಳನ್ನು ಪುಸ್ತಕಕ್ಕೆ ಸಿದ್ಧ ಮಾಡುವಾಗ ಆ ಭಾಗವನ್ನು ತಾನೇ ಕತ್ತರಿಸಿದೆ ಎಂದು ಕೆನಡಿಯ ಆಪ್ತ ಟೆಡ್ ಸೊರೆನ್ಸನ್ ಅಲ್ಲಿ ಒಪ್ಪಿಕೊಂಡರು. ಅಷ್ಟು ವರ್ಷ ಅಮೆರಿಕದ ಅಧಿಕಾರಿಗಳು, ಸಾಮಾನ್ಯ ಜನ ಎಲ್ಲರೂ ಕಲಿತಿದ್ದು ಗಟ್ಟಿಯಾಗಿ ನಿಂತರೆ ಎದುರಾಳಿ ಓಡುತ್ತಾನೆ ಎಂಬ ಪಾಠವನ್ನು. ಕೊಟ್ಟು ತೆಗೆದುಕೊಂಡಿದ್ದು ಅದರಲ್ಲಿ ಇರಲೇ ಇಲ್ಲ. 1992ರಲ್ಲಿ ಹವಾನಾದ ಇನ್ನೊಂದು ಸಭೆಯಲ್ಲಿ ಬಿಕ್ಕಟ್ಟಿನ ಕಾಲಕ್ಕೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರಾ ಅವರಿಗೆ ಮತ್ತೊಂದು ವಿಷಯ ತಿಳಿಯಿತು. ದಡಕ್ಕೆ ಇಳಿಯುವ ಪಡೆಯ ಮೇಲೆ ಹಾರಿಸಬಹುದಾದ ಸಣ್ಣ ಅಣ್ವಸ್ತ್ರಗಳು ಆಗಲೇ ಕ್ಯೂಬಾದಲ್ಲಿದ್ದವು. 1962ರಲ್ಲಿ ದಾಳಿಯ ಪರ ವಾದಿಸಿದ ಯಾರಿಗೂ ಅದು ಗೊತ್ತಿರಲಿಲ್ಲ.