ಈಗ ಬಿಟ್ಟರೂ ಪ್ರಯೋಜನ ಇದೆ

"ಮೂವತ್ತು ವರ್ಷದಿಂದ ಸೇದ್ತಿದ್ದೀನಿ. ಹಾಳಾಗೋದು ಹಾಳಾಗಿದೆ. ಈಗ ಬಿಟ್ಟು ಏನು ಪ್ರಯೋಜನ?" ಸಿಗರೇಟು ಬಿಡಿ ಅಂದರೆ ಬಹಳ ಜನ ಹೀಗೆ ಹೇಳುತ್ತಾರೆ. ಕೇಳಿದರೆ ಹೌದಲ್ವಾ ಅನ್ನಿಸುತ್ತದೆ. ಆದರೆ ಶ್ವಾಸಕೋಶದ ಲೆಕ್ಕ ಬೇರೆಯೇ ಇದೆ.

2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 16 ಮಂದಿಯ ಶ್ವಾಸನಾಳದ ಒಳಪದರದಿಂದ ಜೀವಕೋಶಗಳನ್ನು ತೆಗೆದು ಅವುಗಳ ಡಿಎನ್‌ಎ ಓದಿ ನೋಡಿದರು. ಸೇದುವವರ ಬಹುಪಾಲು ಕೋಶಗಳಲ್ಲಿ ಸಾವಿರಾರು ಹೊಸ ತಪ್ಪುಗಳು ಸೇರಿಕೊಂಡಿದ್ದವು. ಕ್ಯಾನ್ಸರ್ ಶುರುವಾಗುವುದೇ ಇಂಥ ತಪ್ಪುಗಳಿಂದ. ಅಚ್ಚರಿ ಕಂಡದ್ದು ಸೇದುವುದನ್ನು ಬಿಟ್ಟವರಲ್ಲಿ. ಹಾಳಾದ ಕೋಶಗಳ ನಡುವೆಯೇ, ಎಂದೂ ಸೇದದವರಲ್ಲಿ ಇರುವಂಥ ಕೋಶಗಳೂ ಇದ್ದವು. ಸೇದುತ್ತಲೇ ಇರುವವರಿಗೆ ಹೋಲಿಸಿದರೆ ನಾಲ್ಕು ಪಟ್ಟು ಜಾಸ್ತಿ! ಕೆಟ್ಟ ಕೋಶಗಳು ರಿಪೇರಿಯಾದವು ಅಂತಲ್ಲ. ಎಲ್ಲೋ ಮರೆಯಲ್ಲಿ ಹೊಗೆಯ ಪೆಟ್ಟು ತಪ್ಪಿಸಿಕೊಂಡ ಒಳ್ಳೆಯ ಕೋಶಗಳು, ಹೊಗೆ ನಿಂತ ಮೇಲೆ ಹಬ್ಬಿಕೊಂಡಿರಬೇಕು ಎಂಬುದು ವಿಜ್ಞಾನಿಗಳ ಊಹೆ. ನನಗೆ ಇದಕ್ಕಿಂತ ದೊಡ್ಡ ಸಮಾಧಾನದ ಸುದ್ದಿ ಗೊತ್ತಿಲ್ಲ.

ಬಿಟ್ಟು ಹತ್ತು ವರ್ಷವಾಗುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರುವವರ ಅಪಾಯದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ನಿಜ. ಬ್ರಿಟನ್ನಿನ ಸಂಶೋಧಕ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಅಲ್ಲಿನ ವೈದ್ಯರನ್ನೇ ಗಮನಿಸುತ್ತಾ ಬಂದರು. ಐವತ್ತನೇ ವಯಸ್ಸಿಗೆ ಬಿಟ್ಟವರಿಗೂ, ಸೇದುತ್ತಲೇ ಇದ್ದವರಿಗಿಂತ ಸುಮಾರು 6 ವರ್ಷ ಹೆಚ್ಚು ಆಯಸ್ಸು ಸಿಕ್ಕಿತ್ತು.

ಬಿಟ್ಟ ಮೊದಲ ಕೆಲವು ವಾರ ಕೆಮ್ಮು, ಕಫ ಜಾಸ್ತಿಯಾಗಬಹುದು. ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ. ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ಕಫವನ್ನು ಗಂಟಲಿನ ಕಡೆಗೆ ತಳ್ಳುವುದು ಅವುಗಳ ಕೆಲಸ. ಹೊಗೆಗೆ ಮಂಕಾಗಿದ್ದ ಅವು ಈಗ ಮತ್ತೆ ಕಸ ಗುಡಿಸುತ್ತಿರುತ್ತವೆ. ಕಫದಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

"ಅರ್ಧಕ್ಕೆ ಇಳಿಸಿದ್ದೀನಿ" ಎನ್ನುವವರಿಗೂ ಒಂದು ಮಾತು. ದಿನಕ್ಕೆ ಎಷ್ಟು ಸೇದುತ್ತೀರಿ ಎನ್ನುವುದಕ್ಕಿಂತ ಎಷ್ಟು ವರ್ಷ ಸೇದುತ್ತೀರಿ ಎನ್ನುವುದೇ ಇಲ್ಲಿ ಹೆಚ್ಚು ಮುಖ್ಯ. ಮಾತ್ರೆ ನುಂಗಿ ಸರಿದೂಗಿಸುವ ದಾರಿಯೂ ಇಲ್ಲ. ಫಿನ್ಲೆಂಡಿನಲ್ಲಿ ಸೇದುವ ಗಂಡಸರಿಗೆ ಕ್ಯಾರೆಟ್ಟಿನಲ್ಲಿರುವ ಬೀಟಾ ಕೆರೋಟಿನ್ ಎಂಬ ಅಂಶದ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ತಿಂದವರಲ್ಲೇ ಈ ಕ್ಯಾನ್ಸರ್ 18 ಶೇಕಡಾ ಹೆಚ್ಚಾಗಿತ್ತು.

ಎಂದೂ ಸೇದದವರಿಗೂ ಈ ರೋಗ ಬರುತ್ತದೆ. ಬೇರೆಯವರ ಹೊಗೆ, ಕಲುಷಿತ ಗಾಳಿ, ಕಲ್ನಾರು (ಆಸ್ಬೆಸ್ಟಾಸ್) ಇವೆಲ್ಲ ಕಾರಣಗಳೇ. ಇನ್ನೊಂದು ರೇಡಾನ್. ನೆಲದಡಿಯ ಕಲ್ಲಿನಲ್ಲಿರುವ ಯುರೇನಿಯಂನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಸುಮ್ನೆ ಒಳಗೆ ಬಂದು, ಗಾಳಿಯಾಡದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಅಳೆಯುವ ಸಣ್ಣ ಸಾಧನಗಳಿವೆ. ಬಿರುಕು ಮುಚ್ಚಿ, ನೆಲದಡಿಯ ಗಾಳಿಯನ್ನು ಫ್ಯಾನಿನಿಂದ ಹೊರಗೆ ಎಳೆದರೆ ಇದು ತಗ್ಗುತ್ತದೆ. ಅದೇ ಮನೆಯಲ್ಲಿ, ಅದೇ ಗಾಳಿಯಲ್ಲಿ ಇದ್ದರೂ ಸೇದುವವರಿಗೆ ರೇಡಾನಿನ ಅಪಾಯ ಹಲವು ಪಟ್ಟು ಜಾಸ್ತಿ.