ಹಂದಿಮರಿಯ ಗಿಣ್ಣ

ನಮ್ಮ ಮುಧೋಳದ ಕಡೆ ಎಮ್ಮೆ ಈದ ಮನೆಯಿಂದ ಗಿಣ್ಣದ ತಂಬಿಗೆ ಬಾರದಿದ್ದರೆ ನೆರೆಯವರಿಗೆ ಸಿಟ್ಟು. ಬೆಲ್ಲ, ಏಲಕ್ಕಿ ಹಾಕಿ ಕಾಸಿದರೆ ಸಾಕು, ಹೆಪ್ಪಿಲ್ಲದೆ ತಾನೇ ಗಟ್ಟಿಯಾಗುವ ಹಾಲು ಅದು. ಯಾಕೆ ಗಟ್ಟಿಯಾಗುತ್ತದೆ ಎಂದು ನಾನು ಯೋಚಿಸಿದ್ದು ತೀರಾ ಈಚೆಗೆ, ಹಂದಿ ಸಾಕುವ ಗೆಳೆಯನ ಶೆಡ್ಡಿನಲ್ಲಿ ಒಂದು ಚಳಿಯ ರಾತ್ರಿ ಕೂತಿದ್ದಾಗ. ಗಿಣ್ಣದ ತುಂಬ ಪ್ರೋಟೀನು. ಅದರಲ್ಲಿ ದೊಡ್ಡ ಪಾಲು ಪ್ರತಿಕಾಯಗಳದು, ಅಂದರೆ ರೋಗಾಣುಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ಕಣಗಳದು. ನಾವು ಬಟ್ಟಲಲ್ಲಿ ತಿನ್ನುವುದು ಕರುವಿನ ಆಸ್ತಿಯನ್ನೇ.

ಮನುಷ್ಯರ ಕೂಸಿಗೆ ತಾಯಿಯ ಪ್ರತಿಕಾಯಗಳು ಹೊಟ್ಟೆಯಲ್ಲಿದ್ದಾಗಲೇ ಮಾಸಿನ ಮೂಲಕ ದಾಟಿ ಬರುತ್ತವೆ. ಹಂದಿಯಲ್ಲಿ ಹಾಗಿಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ 6 ಪದರಗಳ ಗೋಡೆ. ಮೂರು ತಾಯಿಯ ಕಡೆಯವು, ಮೂರು ಮರಿಯ ಕಡೆಯವು. ಅನ್ನ, ಗಾಳಿ ದಾಟುತ್ತವೆ, ಪ್ರತಿಕಾಯ ದಾಟುವುದಿಲ್ಲ. ಹೀಗಾಗಿ ಸುಮಾರು 114 ದಿನ ಹೊಟ್ಟೆಯಲ್ಲಿದ್ದು ಹೊರಬರುವ ಮರಿಯ ರಕ್ತದಲ್ಲಿ ಪ್ರತಿಕಾಯ ಇಲ್ಲವೆಂದೇ ಹೇಳಬೇಕು. ಬಂದು ಬೀಳುವುದೋ ಸಗಣಿ, ಗಂಜಲದ ನೆಲಕ್ಕೆ.

ಗಿಣ್ಣ ಬೇಕಾಗುವುದು ಇಲ್ಲಿ. ಸಾಮಾನ್ಯವಾಗಿ ಪ್ರೋಟೀನು ಹೊಟ್ಟೆಗೆ ಹೋದರೆ ಜೀರ್ಣವಾಗಿ ಚೂರಾಗುತ್ತದೆ. ಆದರೆ ಹುಟ್ಟಿದ ಮೊದಲ ದಿನ ಮರಿಯ ಕರುಳು ಪ್ರತಿಕಾಯವನ್ನು ಇಡಿಯಾಗಿಯೇ ನುಂಗಿ ರಕ್ತಕ್ಕೆ ಬಿಡುತ್ತದೆ. ಅದು ಚೂರಾಗದಂತೆ ಜೀರ್ಣರಸವನ್ನು ತಡೆಯುವ ವಸ್ತುವೂ ಗಿಣ್ಣದಲ್ಲೇ ಇರುತ್ತದೆ! 24ರಿಂದ 36 ತಾಸಿನಲ್ಲಿ ಕರುಳಿನ ಈ ಬಾಗಿಲು ಮುಚ್ಚುತ್ತದೆ. ಅತ್ತ ಗಿಣ್ಣವೂ ಕಾಯುವುದಿಲ್ಲ. ಈಯಲು ಶುರುವಾದ ಸುಮಾರು 12 ತಾಸಿನೊಳಗೆ ಅದರ ಪ್ರತಿಕಾಯದ ಪ್ರಮಾಣ ಅರ್ಧಕ್ಕೋ, ಅದಕ್ಕಿಂತ ಕೆಳಗೋ ಇಳಿದಿರುತ್ತದೆ. ಮರಿಯೊಂದಕ್ಕೆ ಬೇಕಾದದ್ದು ಸುಮಾರು 250 ಗ್ರಾಂ.

"ಎಮ್ಮಿಗೆ ಕರಾ ಒಂದ. ನಮ್ಮ ಹಂದಿಗೆ ಹನ್ನೆರಡು. ಎಲ್ಲಾಕ್ಕೂ ಗಿಣ್ಣ ಮುಟ್ಟಬೇಕಲ್ಲೋ," ಅಂದ ಗೆಳೆಯ. ಈಯುವುದೇ ಹಲವು ತಾಸಿನ ಕೆಲಸ. ಮೊದಲು ಹುಟ್ಟಿದವು ಒಳ್ಳೆಯ ಮೊಲೆ ಹಿಡಿದು ಕೂತರೆ ಕಡೆಯದಕ್ಕೆ ತೆಳ್ಳನೆಯ ಹಾಲೇ ಗತಿ. ಮೇಲಾಗಿ ಚಳಿ. ಮರಿಯ ಮೈಯಲ್ಲಿ ಕೊಬ್ಬು ಇಲ್ಲದಂತೆಯೇ. ನಡುಗುವ ಮರಿಗೆ ಮೊಲೆಯವರೆಗೆ ತೆವಳುವ ಕಸುವಿಲ್ಲ, ಕುಡಿಯದ್ದಕ್ಕೆ ಮೈ ಬೆಚ್ಚಗಾಗುವುದಿಲ್ಲ. ರೋಗ ಬಂದು ಸತ್ತಿತು ಎಂದು ನಾವು ಬರೆದುಕೊಳ್ಳುವ ಎಷ್ಟೋ ಸಾವುಗಳ ಬೇರು ಈ ಮೊದಲ ರಾತ್ರಿಯಲ್ಲೇ ಇರುತ್ತದೆ ಎಂಬುದು ನನ್ನ ಅನಿಸಿಕೆ.

ಬೇರೆ ಹಂದಿಯ ಮೊಲೆಗೆ ಬಿಟ್ಟರಾಗದೇ? ಪ್ರತಿಕಾಯವೇನೋ ಸಿಗುತ್ತದೆ. ಆದರೆ ಗಿಣ್ಣದಲ್ಲಿ ತಾಯಿಯ ಜೀವಂತ ಬಿಳಿ ರಕ್ತಕಣಗಳೂ ಇರುತ್ತವೆ. ಹೆತ್ತ ತಾಯಿಯ ಕಣಗಳನ್ನಷ್ಟೇ ಮರಿಯ ಕರುಳು ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮರಿ ಬದಲಾಯಿಸುವುದಿದ್ದರೂ ತಾಯಿಯ ಗಿಣ್ಣ ಕುಡಿಸಿದ ಮೇಲೆಯೇ.

ಇನ್ನೊಂದು ಮಾತು. ತಾಯಿ ತಾನು ಕಂಡ ರೋಗಾಣುಗಳಿಗೆ ಮಾತ್ರ ಪ್ರತಿಕಾಯ ಕೊಡಬಲ್ಲಳು. ಸಂತೆಯಿಂದ ನಿನ್ನೆ ತಂದ ಗಬ್ಬದ ಹಂದಿ ನಾಳೆ ಈದರೆ, ಅದರ ಗಿಣ್ಣದಲ್ಲಿ ಈ ಶೆಡ್ಡಿನ ನೆನಪೇ ಇರುವುದಿಲ್ಲ. ಕೆಲವು ವಾರ ಮೊದಲೇ ತಂದು ಕಟ್ಟಬೇಕು. ಮರಿಗಳ ಭೇದಿಗೆ ಲಸಿಕೆಯನ್ನು ಗಬ್ಬದ ಕೊನೆಯ ವಾರಗಳಲ್ಲಿ ತಾಯಿಗೆ ಚುಚ್ಚುವುದೂ ಇದೇ ಲೆಕ್ಕದಲ್ಲಿ.

ಗಿಣ್ಣ ಹೋಗಿ ಹಾಲು ಬಂದ ಮೇಲೂ ತಾಯಿ ಕೈಬಿಡುವುದಿಲ್ಲ. ಆ ಹಾಲಿನ ಬೇರೆ ಬಗೆಯ ಪ್ರತಿಕಾಯ ರಕ್ತಕ್ಕೆ ಹೋಗದೆ ಕರುಳಿನ ಒಳಗೋಡೆಗೆ ಸಾರಿಸಿದಂತೆ ಕೂರುತ್ತದೆ.

ಗೆಳೆಯ ಹೊಟ್ಟೆ ತುಂಬಿದ ಆರು ಮರಿಗಳ ಬೆನ್ನಿಗೆ ಮಾರ್ಕರಿನಿಂದ ಗೀಟು ಹಾಕಿ, ಬಲ್ಬಿನ ಕೆಳಗಿನ ಒಣಹುಲ್ಲಿನ ಪೆಟ್ಟಿಗೆಯಲ್ಲಿ ಒಂದು ತಾಸು ಕೂಡಿಹಾಕಿದ. ಅವು ಶೆಡ್ಡು ಹಾರಿಹೋಗುವಂತೆ ಕಿರುಚುತ್ತಿದ್ದವು. ಗೀಟಿಲ್ಲದ ಆರು ಆಗಲೇ ಮೊಲೆ ಹಿಡಿದಿದ್ದವು.